ಬೇರು ಹಿಡಿಯುವ ನರ

ತುರ್ವಿಹಾಳ
9 ಫೆಬ್ರವರಿ 2025

ಡಾಕ್ಟರ್ ಅರ್ಜುಮಂದ್ ಅವರಿಗೆ,

ತುರ್ವಿಹಾಳದ ಅಯ್ಯಮ್ಮ ಮಾಡುವ ನಮಸ್ಕಾರಗಳು. ನಾನು ಯಾರೆಂದು ನಿಮಗೆ ತಿಳಿಯದು. ಹೋದ ವಾರ ಮಸ್ಕಿಯಲ್ಲಿ ನಿಮ್ಮ ತಂದೆ ಹುಸೇನ್‌ಸಾಬ್ ಅವರ ಗಾದಿ ಅಂಗಡಿಗೆ ಹೋಗಿದ್ದೆ. ಮೆತ್ತನೆಯ ಗಾದಿ ಬೇಕು ಎಂದೆ. ಯಾರಿಗೆ ಎಂದು ಕೇಳಿದರು. ಬೆನ್ನುಹುರಿಗೆ ಪೆಟ್ಟಾಗಿ ಮಲಗಿರುವ ಮಗಳಿಗೆ ಎಂದೆ. ಅವರು ಅರಳೆ ಹಿಂಜುವುದನ್ನು ಬಿಟ್ಟು ಎದ್ದು ನಿಂತರು. "ಯಮ್ಮಾ, ನನ್ನ ಮಗಳು ಹೈದರಾಬಾದಿನಾಗ ಅದೇ ಕೆಲಸ ಮಾಡಾಕತ್ತಾಳ. ಇಲಿಗೋಳ ಬೆನ್ನು ರಿಪೇರಿ ಮಾಡ್ತಾಳ. ನಾ ಗಾದಿ ಹೊಲೀತೀನಿ, ಆಕಿ ನರ ಹೊಲೀತಾಳ" ಎಂದು ನಕ್ಕು, ನಿಮ್ಮ ವಿಳಾಸ ಬರೆದುಕೊಟ್ಟರು. ಮಸ್ಕಿ ಬೆಟ್ಟದ ದೇವರು ಮಲ್ಲಯ್ಯನೇ ಆ ಅಂಗಡಿಗೆ ನನ್ನನ್ನು ಕಳಿಸಿದ್ದಾನೆ ಎಂದು ತಿಳಿದು ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಮಗಳ ಹೆಸರು ಸುಕನ್ಯಾ. ವಯಸ್ಸು ಇಪ್ಪತ್ತನಾಲ್ಕು. ನಮ್ಮೂರಿನ ಶಾಲೆಯಲ್ಲಿ ಒಂದನೆಯ ತರಗತಿಗೆ ಅತಿಥಿ ಶಿಕ್ಷಕಿ. ಭತ್ತದ ಸುಗ್ಗಿ ಮುಗಿದ ಮೇಲೆ ಹುಲ್ಲು ಹೇರಿದ ಟ್ರ್ಯಾಕ್ಟರಿನ ಮೇಲೆ ಹಗ್ಗ ಬಿಗಿಯಲು ಹತ್ತಿದ್ದಳು. ಹಗ್ಗ ಹರಿಯಿತು, ಬೆನ್ನ ಮೇಲೆ ಬಿದ್ದಳು. ರಾಯಚೂರಿನಲ್ಲಿ ಆಪರೇಷನ್ ಆಯಿತು. ಹುರಿ ಪೂರ್ತಿ ತುಂಡಾಗಿಲ್ಲ, ಜಜ್ಜಿದೆ ಎಂದರು. ಸೊಂಟದ ಕೆಳಗೆ ಅವಳಿಗೆ ಏನೂ ತಿಳಿಯುವುದಿಲ್ಲ. ಸಿಂಧನೂರಿನಿಂದ ಒಬ್ಬ ಫಿಜಿಯೋ ಮೇಡಂ ಬಂದು, ಕಾಲು ಮಡಿಚಿ ಬಿಡಿಸುವುದು, ಹೊತ್ತಿಗೊಮ್ಮೆ ಮಗ್ಗುಲು ಬದಲಿಸುವುದು, ದಿಂಬು ಕೊಟ್ಟು ಕೂರಿಸುವುದು ಕಲಿಸಿ ಹೋಗಿದ್ದಾರೆ. ಅದನ್ನೆಲ್ಲ ಮಾಡುತ್ತಿದ್ದೇನೆ.

ಹೆಡ್‌ಮಾಸ್ತರ್ ದುರುಗಪ್ಪನವರು ಒಳ್ಳೆಯವರು. "ಜೂನಿಗೆ ಸಾಲಿ ಸುರು ಆಗೂತನಕ ಸುಕನ್ಯಾನ ಜಾಗಾಕ್ಕ ಯಾರ್ನೂ ತೊಗೊಳ್ಳಂಗಿಲ್ಲ. ಅದರ ಮ್ಯಾಲೆ ನನ್ನ ಕೈಯಾಗ ಇಲ್ಲ ನೋಡವ್ವ" ಎಂದಿದ್ದಾರೆ. ಆ ಮಾತು ಕೇಳಿದಾಗಿನಿಂದ ಅವಳು ಗೋಡೆಯ ಕ್ಯಾಲೆಂಡರ್ ಕಡೆ ಮುಖ ಮಾಡಿಯೇ ಮಲಗುತ್ತಾಳೆ.

ನಾನು ಕೇಳುವುದು ಇಷ್ಟೇ. ನರ ಮತ್ತೆ ಬೆಳೆಯುವ ಔಷಧವನ್ನು ನೀವು ಕಂಡುಹಿಡಿಯುತ್ತಿದ್ದೀರಂತೆ. ಅದು ಜೂನ್ ಒಳಗೆ ಸಿಗುತ್ತದೆಯೇ? ಫೋನ್ ಮಾಡಬಹುದಿತ್ತು. ನಮ್ಮದು ಒಂದೇ ಕೋಣೆಯ ಮನೆ. ನಾನು ಏನು ಕೇಳಿದರೂ ಅವಳಿಗೆ ಕೇಳಿಸುತ್ತದೆ. ಅದಕ್ಕೆ ಗುಡಿಯ ಕಟ್ಟೆಯ ಮೇಲೆ ಕೂತು ಇದನ್ನು ಬರೆದಿದ್ದೇನೆ. ಏಳನೆಯ ತರಗತಿ ಓದಿದವಳು, ತಪ್ಪಿದ್ದರೆ ಮನ್ನಿಸಿ.

ಇಂತಿ,
ಅಯ್ಯಮ್ಮ


ಹೈದರಾಬಾದ್
24 ಫೆಬ್ರವರಿ 2025

ಪ್ರೀತಿಯ ಅಯ್ಯಮ್ಮನವರಿಗೆ,

ನಿಮ್ಮ ಪತ್ರ ನೋಡಿ ಕಣ್ಣು ತುಂಬಿತು. ಕನ್ನಡದಲ್ಲಿ ಪತ್ರ ಬಂದು ಎಷ್ಟೋ ವರ್ಷವಾಗಿತ್ತು. ಮಸ್ಕಿಯ ಸರ್ಕಾರಿ ಹೈಸ್ಕೂಲಿನಲ್ಲಿ ಕಲಿತ ಅಕ್ಷರಗಳನ್ನು ನೆನಪಿಸಿಕೊಂಡು ಬರೆಯುತ್ತಿದ್ದೇನೆ. ನಾನು ಕಾಯಿಲೆ ನೋಡುವ ಡಾಕ್ಟರ್ ಅಲ್ಲ. ಅಪ್ಪನಿಗೆ ಎಷ್ಟು ಸಲ ಹೇಳಿದರೂ ಅಂಗಡಿಗೆ ಬಂದವರ ಮುಂದೆಲ್ಲ ಹಾಗೆಯೇ ಹೇಳುತ್ತಾರೆ. ನಾನು ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು.

ನಮ್ಮ ಕೆಲಸ ಏನೆಂದು ಹೇಳುತ್ತೇನೆ. ಕೈಬೆರಳು ಕೊಯ್ದುಕೊಂಡರೆ ಅಲ್ಲಿನ ನರ ನಿಧಾನವಾಗಿಯಾದರೂ ಮತ್ತೆ ಬೆಳೆಯುತ್ತದೆ. ಮಿದುಳು ಮತ್ತು ಬೆನ್ನುಹುರಿಯ ನರ ಹಾಗೆ ಬೆಳೆಯುವುದಿಲ್ಲ. ಪೆಟ್ಟಾದ ಜಾಗದಲ್ಲಿ ಒಂದು ಗಟ್ಟಿ ಕಲೆ ಕಟ್ಟುತ್ತದೆ. ನರದ ಮೇಲಿನ ಹೊದಿಕೆ ಒಡೆದ ಚೂರುಗಳು ಸುತ್ತ ಬಿದ್ದು, "ಮುಂದೆ ಬರಬೇಡ" ಎಂಬ ಸಂದೇಶ ಕೊಡುತ್ತಿರುತ್ತವೆ. ಅದೊಂದೇ ಅಲ್ಲ. ವಯಸ್ಸಿಗೆ ಬಂದ ನರದ ಒಳಗೇ ಬೆಳೆಯುವ ಶಕ್ತಿ ಮಲಗಿಬಿಟ್ಟಿರುತ್ತದೆ.

ನಾಟಿ ಹಚ್ಚುವಾಗ ಸಸಿಯ ಕಟ್ಟುಗಳನ್ನು ಬದುವಿನಿಂದ ಗದ್ದೆಯ ಒಳಗೆ ಒಬ್ಬರಿಂದ ಒಬ್ಬರಿಗೆ ಎಸೆಯುತ್ತೀರಲ್ಲ, ಜೀವಕೋಶದ ಒಳಗೆ "ಬೆಳೆ" ಎಂಬ ಮಾತು ಹಾಗೆಯೇ ಒಂದು ಪ್ರೋಟೀನಿನಿಂದ ಇನ್ನೊಂದಕ್ಕೆ ಸಾಗುತ್ತದೆ. ನಡುವೆ ಒಬ್ಬಳು ಕಟ್ಟು ಹಿಡಿದು ಸುಮ್ಮನೆ ನಿಂತರೆ ಮುಂದಿನವರೆಲ್ಲ ಬರಿಗೈಯಲ್ಲಿ ನಿಲ್ಲಬೇಕು. ಹಾಗೆ ಹಿಡಿದು ನಿಲ್ಲುವ ಒಂದು ಪ್ರೋಟೀನ್ ಇದೆ. ಅದನ್ನು ಸ್ವಲ್ಪ ಹೊತ್ತು ಪಕ್ಕಕ್ಕೆ ಸರಿಸುವ ವಸ್ತುವನ್ನು ನಾವು ಇಲಿಗಳಲ್ಲಿ ಪರೀಕ್ಷಿಸುತ್ತಿದ್ದೇವೆ.

ಜೂನ್ ಬಗ್ಗೆ ಈಗಲೇ ಏನೂ ಹೇಳಲಾರೆ. ಸುಕನ್ಯಾಳಿಗೆ ಧೈರ್ಯ ಹೇಳಿ. ನಿಮ್ಮ ಪತ್ರ ನನ್ನ ಮೇಜಿನ ಮೇಲೆಯೇ ಇದೆ.

ನಿಮ್ಮ,
ಅರ್ಜುಮಂದ್


ತುರ್ವಿಹಾಳ
5 ಮಾರ್ಚ್ 2025

ಮಗಳು ಅರ್ಜುಮಂದ್‌ಗೆ ಅಯ್ಯಮ್ಮ ಮಾಡುವ ಆಶೀರ್ವಾದಗಳು.

ಇನ್ನು ಮೇಲೆ ನಿನ್ನನ್ನು ನೀನು ಎಂದೇ ಕರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ನಿನ್ನ ಪತ್ರವನ್ನು ಪಕ್ಕದ ಮನೆಯ ಮೀರಾಬಿಗೆ ಓದಿ ಹೇಳಿದೆ. ಕಟ್ಟು ಹಿಡಿದು ನಿಲ್ಲುವವಳ ಮಾತು ಬಂದಾಗ ಅವಳು, "ಹಂಗ ನಿಂದ್ರಾಕಿ ನಮ್ಮ ನಾಟಿ ಗುಂಪಿನಾಗೂ ಒಬ್ಬಾಕಿ ಅದಾಳ ಬಿಡು. ಆಕಿಗೇನು ಔಷಧ ಅದ ಕೇಳು" ಎಂದಳು. ಇಬ್ಬರೂ ಬಹಳ ದಿನಗಳ ಮೇಲೆ ನಕ್ಕೆವು.

ಮಗಳೇ, ನನಗೊಂದು ಸಂಶಯ. ನಮ್ಮ ಮನೆಯ ಹಲ್ಲಿಯ ಬಾಲ ಬಾಗಿಲಿಗೆ ಸಿಕ್ಕು ಹರಿದಿತ್ತು, ಮತ್ತೆ ಬಂದಿದೆ. ಅಂಥ ಹುಳಕ್ಕೆ ಕೊಟ್ಟದ್ದನ್ನು ದೇವರು ಮನುಷ್ಯನಿಗೆ ಯಾಕೆ ಕೊಡಲಿಲ್ಲ? ಕೊಡದೆ ಇರಲಾರ. ಕೊಟ್ಟು ಎಲ್ಲೋ ಇಟ್ಟಿರಬೇಕು, ನೀನು ಹುಡುಕುತ್ತಿದ್ದೀಯ ಎಂದು ತಿಳಿದಿದ್ದೇನೆ. ಅವನು ಬೆಳವಣಿಗೆ ನಿಲ್ಲಿಸಿದ್ದಕ್ಕೂ ಏನಾದರೂ ಕಾರಣ ಇರಬಹುದಲ್ಲವೇ, ಅದನ್ನೂ ಬರೆ.

ಮೊನ್ನೆ ಬೆಳಿಗ್ಗೆ ಸುಕನ್ಯಾಳ ಬಲತೊಡೆ ತಾನಾಗಿಯೇ ಅದುರಿತು. ನಾನು ಕಣ್ಣಾರೆ ನೋಡಿದೆ. ಅವಳು "ಹಂಗ ಆಗ್ತಿರ್ತದ ಯವ್ವಾ, ಅದಕ್ಕೇನೂ ಅರ್ಥ ಇಲ್ಲ" ಎಂದಳು. ಅವಳಿಗೆ ಏನು ತಿಳಿಯುತ್ತದೆ. ನರ ಎಚ್ಚರವಾಗುತ್ತಿದೆ ಎಂದು ನನಗನಿಸಿತು, ದೀಪ ಹಚ್ಚಿ ಕೈ ಮುಗಿದೆ.

ಜೂನ್ ಬಗ್ಗೆ ಈಗಲೇ ಹೇಳಲಾರೆ ಎಂದಿದ್ದೀಯ. ಆಮೇಲೆ ಹೇಳುತ್ತೀಯ ಎಂದಾಯಿತು. ನಾನು ಕಾಯುತ್ತೇನೆ. ಮಲ್ಲಯ್ಯನ ಹತ್ತಿರ ಒಂದು ಮಾತು ಆಡಿಬಂದಿದ್ದೇನೆ, ಅದನ್ನು ಬಾಯಿ ಬಿಟ್ಟು ಹೇಳಬಾರದು. ಅದು ನಡೆಯಬೇಕಾದರೆ ನಿನ್ನ ಔಷಧ ಬೇಕು.

ನಿನ್ನ ಅಪ್ಪ ಕೊಟ್ಟ ಗಾದಿ ಚೆನ್ನಾಗಿದೆ ಎಂದು ಹೇಳು.

ಅಯ್ಯಮ್ಮ


ಹೈದರಾಬಾದ್
22 ಮಾರ್ಚ್ 2025

ಪ್ರೀತಿಯ ಅಯ್ಯಮ್ಮನವರಿಗೆ,

ನೀವು ನನ್ನನ್ನು ನೀನು ಎಂದು ಕರೆದದ್ದು ಬಹಳ ಹಿತವಾಯಿತು.

ಹಲ್ಲಿಯಷ್ಟೇ ಅಲ್ಲ, ಕೆಲವು ಮೀನುಗಳ ಬೆನ್ನುಹುರಿ ತುಂಡಾದರೂ ಮತ್ತೆ ಕೂಡಿಕೊಂಡು ಅವು ಈಜುತ್ತವೆ. ನಮ್ಮಲ್ಲಿ ಹುಟ್ಟುವ ಮುಂಚೆ ನರಗಳು ಓಡೋಡಿ ಬೆಳೆಯುತ್ತವೆ. ಎಲ್ಲವೂ ತಮ್ಮ ತಮ್ಮ ಜಾಗ ಸೇರಿದ ಮೇಲೆ ಬೆಳೆಯುವ ಶಕ್ತಿಗೆ ಬೀಗ ಬೀಳುತ್ತದೆ. ಬೀಳದಿದ್ದರೆ ಈ ನರ ಆ ನರಕ್ಕೆ ಸಿಕ್ಕಿ ಗೋಜಲಾಗುತ್ತಿತ್ತು, ಕಲಿತದ್ದು ಉಳಿಯುತ್ತಿರಲಿಲ್ಲ ಎಂಬ ಊಹೆ ಇದೆ. ನೀವು ಕೇಳಿದ ಕಾರಣ ಅದೇ ಇರಬಹುದು.

ಇಂದು ನಿಮಗೆ ಒಂದು ಸಂತೋಷದ ಸುದ್ದಿ ಹೇಳಲೇಬೇಕು. ಔಷಧ ಕೊಟ್ಟ ಇಲಿಗಳ ಬೆನ್ನುಹುರಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಬೆಳೆದ ನರ ಹಸಿರಾಗಿ ಕಾಣುವಂತೆ ಬಣ್ಣ ಹಾಕಿರುತ್ತೇವೆ. ಎಳೆಗಳು ಆ ಗಟ್ಟಿ ಕಲೆಯನ್ನು ದಾಟಿ ಆಚೆ ಹೋಗಿದ್ದವು! ಹೆಚ್ಚಿಲ್ಲ, ಕೆಲವೇ. ಆದರೂ ದಾಟಿದ್ದವು. ನಾಟಿ ಹಚ್ಚಿದ ಸಸಿ ಬೇರು ಹಿಡಿಯುವುದನ್ನು ನೀವು ಎಷ್ಟೋ ಸಲ ನೋಡಿದ್ದೀರಿ. ಹಾಗೆಯೇ ಇತ್ತು. ಎಳೆಯ ಬೇರು ಹೊಸ ಮಣ್ಣಿನಲ್ಲಿ ಹುಡುಕುತ್ತ ಹೋಗುವ ಹಾಗೆ. ನಾನು ಬಹಳ ಹೊತ್ತು ಕುರ್ಚಿ ಬಿಟ್ಟು ಏಳಲಿಲ್ಲ.

ಸುಕನ್ಯಾಳ ತೊಡೆ ಅದುರುವುದಕ್ಕೆ ಹಲವು ಕಾರಣಗಳಿರಬಹುದು. ಅವಳ ಡಾಕ್ಟರರನ್ನು ಒಮ್ಮೆ ಕೇಳಿ.

ನಡಿಗೆಯ ಪರೀಕ್ಷೆ ಮುಂದಿನ ತಿಂಗಳು. ಅದಾದ ಮೇಲೆ ಬರೆಯುತ್ತೇನೆ.

ನಿಮ್ಮ,
ಅರ್ಜುಮಂದ್


ತುರ್ವಿಹಾಳ
3 ಏಪ್ರಿಲ್ 2025

ನನ್ನ ಮಗಳು ಅರ್ಜುಮಂದ್‌ಗೆ,

ನಿನ್ನ ಬಾಯಿಗೆ ಸಕ್ಕರೆ ಹಾಕಬೇಕು. ಪತ್ರ ಬಂದ ದಿನವೇ ಮಲ್ಲಯ್ಯನಿಗೆ ಎಣ್ಣೆ ಕಳಿಸಿದೆ. ಪತ್ರದ ವಿಷಯ ಸುಕನ್ಯಾಳಿಗೆ ಹೇಳಿಲ್ಲ. ದೃಷ್ಟಿ ತಗುಲಬಾರದು.

ಬೇರು ಹಿಡಿಯುವ ಕಾಲದಲ್ಲಿ ಏನು ಮಾಡಬೇಕೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಹತ್ತು ವರ್ಷದವಳಿದ್ದಾಗಿನಿಂದ ನಾಟಿ ಹಚ್ಚಿದವಳು ನಾನು. ಸಸಿ ಬೇರು ಕಚ್ಚುವವರೆಗೆ ಗದ್ದೆಯಲ್ಲಿ ಯಾರೂ ಕಾಲಿಡುವುದಿಲ್ಲ, ಕಳೆ ಕೀಳಲು ಸಹ ಇಳಿಯುವುದಿಲ್ಲ. ಎಮ್ಮೆ ಹೊಕ್ಕರೆ ಮುಗಿಯಿತು. ನೀನು ಅದನ್ನು ತಿಳಿಸಿ ಹೇಳಿದ್ದು ಒಳ್ಳೆಯದಾಯಿತು. ಅದೇ ಪ್ರಕಾರ ನಡೆದಿದ್ದೇನೆ. ಸುಕನ್ಯಾ ಈಗ ಸುಮ್ಮನೆ ಮಲಗಿರುತ್ತಾಳೆ, ಮೊದಲಿನಂತೆ ಜಗ್ಗಾಟ ಎಳೆದಾಟ ಇಲ್ಲ. ಫಿಜಿಯೋ ಮೇಡಂಗೂ ಸ್ವಲ್ಪ ದಿನ ಬರಬೇಡಿ ಎಂದು ಫೋನ್ ಮಾಡಿಸಿದೆ.

ತೊಡೆ ಇನ್ನೂ ಆಗಾಗ ಅದುರುತ್ತದೆ. ಒಳಗೆ ಕೆಲಸ ನಡೆದಿದೆ. ಇಲಿಗಳ ನಡಿಗೆ ಆದ ಕೂಡಲೇ ಬರೆ.

ಅಯ್ಯಮ್ಮ


ಹೈದರಾಬಾದ್
19 ಏಪ್ರಿಲ್ 2025

ಪ್ರೀತಿಯ ಅಯ್ಯಮ್ಮನವರಿಗೆ,

ಅವಸರದಲ್ಲಿ ನಾಲ್ಕು ಸಾಲು. ಸುಕನ್ಯಾ ನೆಮ್ಮದಿಯಾಗಿದ್ದಾಳೆಂದು ಓದಿ ಸಮಾಧಾನವಾಯಿತು. ಫಿಜಿಯೋ ಮೇಡಂ ರಜೆ ಮುಗಿಸಿ ಬೇಗ ಬರಲಿ.

ಇಲ್ಲಿ ಒಂದು ಪರೀಕ್ಷೆ ನಾವು ಎಣಿಸಿದ ಹಾಗೆ ಆಗಲಿಲ್ಲ. ಅದನ್ನು ಮತ್ತೆ ಮಾಡುತ್ತಿದ್ದೇವೆ. ವಿವರವಾಗಿ ಇನ್ನೊಮ್ಮೆ ಬರೆಯುತ್ತೇನೆ. ಬಿಸಿಲು ಬಹಳವಂತೆ, ಅಪ್ಪ ಹೇಳಿದರು. ಜೋಪಾನ.

ಅರ್ಜುಮಂದ್


ಲಿಂಗಸುಗೂರು
7 ಮೇ 2025

ಡಾಕ್ಟರ್ ಅರ್ಜುಮಂದ್ ಅವರಿಗೆ,

ಲಿಂಗಸುಗೂರಿನ ಒಂದು ಆಸ್ಪತ್ರೆಯಲ್ಲಿ ಕೂತು ಬರೆಯುತ್ತಿದ್ದೇನೆ. ಸುಕನ್ಯಾಳನ್ನು ಇಲ್ಲಿ ಸೇರಿಸಿ ಒಂದು ವಾರವಾಯಿತು. ಬೆನ್ನಿನ ಕೆಳಗೆ, ಕೂರುವ ಎಲುಬಿನ ಮೇಲೆ ಹುಣ್ಣಾಗಿದೆ. ಮೊದಲು ಕೆಂಪಗೆ ಇತ್ತು. ಆಮೇಲೆ ಕಪ್ಪಾಯಿತು. ವಾಸನೆ ಬಂದಾಗ ನಾನು ಎಣ್ಣೆ ಅರಿಶಿನ ಹಚ್ಚಿದೆ. ಅವಳಿಗೆ ನೋವೇ ತಿಳಿಯುವುದಿಲ್ಲವಲ್ಲ. ಅಲುಗಬಾರದೆಂದು ಡಾಕ್ಟರ್ ಹೇಳಿದ್ದಾರೆ ಎಂದು ಅವಳನ್ನೂ ನಂಬಿಸಿದ್ದೆ. ಚಳಿಜ್ವರ ಬಂದು ಮಾತು ತೊದಲಿದಾಗ ಮೀರಾಬಿ ಬಂದು ಹೊದಿಕೆ ಎತ್ತಿ ನೋಡಿ, "ಯಾ ಅಲ್ಲಾ, ಕಣ್ಣು ಎಲ್ಲಿ ಇಟ್ಟಿದ್ದಿ ಅಯ್ಯಮ್ಮಾ" ಎಂದು ಹಣೆ ಬಡಿದುಕೊಂಡಳು. ಅವಳ ಮಗ ಆಸೀಫ್ ಗಾಡಿ ತಂದ.

ಇಲ್ಲಿನ ಡಾಕ್ಟರ್ ನನ್ನನ್ನು ಎಲ್ಲರೆದುರು ನಿಲ್ಲಿಸಿ ಕೇಳಿದರು. "ಎಷ್ಟು ದಿನದಿಂದ ಮಗ್ಗಲಾ ಹೊರಳಿಸಿಲ್ಲಮ್ಮಾ?" ನಾನು, "ನರ ಬೇರು ಹಿಡ್ಯಾಕತ್ತಾವ್ರಿ, ಅಲುಗಿಸಬಾರದು ಅಂತ ಬಿಟ್ಟೀನ್ರಿ" ಎಂದೆ. ಅವರು "ಯಾರು ಹೇಳಿದ್ರು ನಿನಗ ಇದನ್ನ?" ಎಂದರು. ನಾನು ನಿಮ್ಮ ಹೆಸರು ಹೇಳಲಿಲ್ಲ. ಹೇಳಿದ್ದರೆ ನಿಮಗೆ ತೊಂದರೆಯಾಗುತ್ತಿತ್ತೋ ಏನೋ.

ಬೇರು ಹಿಡಿದಿದೆ ಎಂದು ನೀವೇ ಬರೆದಿರಿ. ಇಲಿಯದು, ನನ್ನ ಮಗಳದಲ್ಲ ಎಂದು ಈಗ ಹೇಳಬಹುದು. ಆದರೆ ನನಗೆ ಯಾಕೆ ಬರೆದಿರಿ? ನಾನು ಇಲಿಯ ತಾಯಿಯಲ್ಲ.

ಇನ್ನೊಂದು ಮಾತನ್ನು ನಾನು ನಿಮ್ಮಿಂದ ಮುಚ್ಚಿಟ್ಟಿದ್ದೆ. ಸುಕನ್ಯಾಳಿಗೆ ಗಾಲಿ ಕುರ್ಚಿ ಬಂದಿದೆ. ಫೆಬ್ರವರಿಯಲ್ಲಿಯೇ ಸಿಂಧನೂರಿನ ಶಿಬಿರದಲ್ಲಿ ಕೊಟ್ಟರು. ಮೀರಾಬಿಯ ಮನೆಯಲ್ಲಿ ಪ್ಲಾಸ್ಟಿಕ್ ಹೊದಿಕೆ ಸಹ ಬಿಚ್ಚದೆ ಇಟ್ಟಿದ್ದೇನೆ. "ಮಲ್ಲಯ್ಯಾ, ನನ್ನ ಮಗಳು ತನ್ನ ಕಾಲಿನಿಂದಲೇ ನಿನ್ನ ಬೆಟ್ಟ ಹತ್ತಬೇಕು, ಅಲ್ಲಿಯವರೆಗೆ ಅವಳನ್ನು ಗಾಲಿಯ ಮೇಲೆ ಕೂರಿಸುವುದಿಲ್ಲ" ಎಂದು ಹರಕೆ ಹೊತ್ತಿದ್ದೆ. ದುರುಗಪ್ಪನವರು ಕುರ್ಚಿಯಲ್ಲಿಯೇ ಶಾಲೆಗೆ ಬರಲಿ ಎಂದೇ ಹೇಳಿದ್ದು. ಅದನ್ನೂ ನಿಮಗೆ ಬರೆಯಲಿಲ್ಲ. ಕುರ್ಚಿಯ ಮೇಲೆ ಕೂರಿಸಿದರೆ ದೇವರು, ಓ ಇವಳು ಇಷ್ಟಕ್ಕೇ ಒಪ್ಪಿದಳು, ಎಂದು ತಿಳಿಯುತ್ತಾನೆ ಎಂದು ನನಗೆ ಅಂಜಿಕೆ.

ನಿನ್ನೆ ಡ್ರೆಸ್ಸಿಂಗ್ ಮಾಡುವಾಗ ಮೀರಾಬಿಯ ಬಾಯಿಂದ ಕುರ್ಚಿಯ ಮಾತು ಜಾರಿತು. ಸುಕನ್ಯಾ ಕೂಗಾಡಲಿಲ್ಲ. ಬೋರಲು ಮಲಗಿಸಿದ್ದರು, ಮುಖ ಗೋಡೆಗೆ ಇತ್ತು. ಅಲ್ಲಿಂದಲೇ ಹೇಳಿದಳು: "ಹರಕಿ ಹೊತ್ತಾಕಿ ನೀ, ಮಲಕ್ಕೊಂಡಾಕಿ ನಾನು. ಮಲ್ಲಯ್ಯ ನನ್ನ ಒಂದು ಮಾತು ಕೇಳ್ಯಾನೇನು?" ಆಮೇಲಿಂದ ನನ್ನ ಕೈಯಿಂದ ಗಂಜಿ ಕುಡಿಯುತ್ತಿಲ್ಲ. ನರ್ಸಮ್ಮನ ಕೈಯಿಂದ ಕುಡಿಯುತ್ತಾಳೆ.

ನನಗೆ ಇನ್ನು ಕಥೆ ಬೇಡ. ಒಂದೇ ಮಾತು ತಿಳಿಸಿ. ನಿಮ್ಮ ಇಲಿ ಎದ್ದು ನಡೆಯಿತೇ, ಇಲ್ಲವೇ?

ಅಯ್ಯಮ್ಮ


ಹೈದರಾಬಾದ್
11 ಮೇ 2025

ಅಯ್ಯಮ್ಮನವರಿಗೆ,

ಇಲ್ಲ, ನಡೆಯಲಿಲ್ಲ.

ಮಾರ್ಚ್‌ನಲ್ಲಿ ನಾನು ನೋಡಿದ ಹಸಿರು ಎಳೆಗಳು ನಿಜ. ಅವು ಕಲೆಯನ್ನು ದಾಟಿದ್ದೂ ನಿಜ. ಏಪ್ರಿಲ್‌ನಲ್ಲಿ ಅದೇ ಔಷಧ ಕೊಟ್ಟ ಇಲಿಗಳನ್ನು ನಡೆಸಿ ನೋಡಿದೆವು. ಬೋನಿನಲ್ಲಿ ಸುಮ್ಮನೆ ಬಿಟ್ಟ ಇಲಿಗಳು ಹಿಂಗಾಲು ಎಳೆದುಕೊಂಡೇ ಇದ್ದವು. ನಿಮಗೆ ಆ ದಿನವೇ ಬರೆಯಬೇಕಿತ್ತು. ನೀವು ಎಣ್ಣೆ ಕಳಿಸಿದ ಮಾತು ಓದಿದ್ದೆ. ಬರೆಯಲು ಕೈ ಬರಲಿಲ್ಲ. "ಎಣಿಸಿದ ಹಾಗೆ ಆಗಲಿಲ್ಲ" ಎಂದು ಬರೆದು ಲಕೋಟೆ ಅಂಟಿಸಿದೆ.

ಈಗ ಬಿಡಿಸಿ ಹೇಳುತ್ತೇನೆ. ನರ ಬೆಳೆಯುವುದು ಒಂದು ಕೆಲಸ. ಬೆಳೆದ ನರ ಸರಿಯಾದ ಜಾಗ ಹುಡುಕಿ, ಅಲ್ಲಿ ಇನ್ನೊಂದು ನರಕ್ಕೆ ಕೂಡಿಕೊಂಡು, ಕೆಲಸ ಕಲಿಯುವುದು ಬೇರೆಯೇ ಕೆಲಸ. ಕೂಡಿಕೊಳ್ಳಲು ಅದಕ್ಕೆ ಬಳಕೆ ಬೇಕು. ಕಾಲು ಆಡುತ್ತಿರಬೇಕು, ಮೈ ಹೊರಳುತ್ತ, ಏಳುತ್ತ ಇರಬೇಕು. ನಾವು ದಿನವೂ ತಾನೇ ಓಡುವ ಪಟ್ಟಿಯ ಯಂತ್ರದ ಮೇಲೆ ಹಿಡಿದು ನಡೆಸಿದ ಇಲಿಗಳಲ್ಲಿ ಒಂದೆರಡು ತಡವರಿಸುತ್ತ ಹೆಜ್ಜೆ ಇಟ್ಟವು. ಅದೂ ಇಲಿ, ಅದೂ ಒಂದೆರಡು. ಭತ್ತದ ಸಸಿಗೆ ಬೇರು ಹಿಡಿಯುವಾಗ ಅಲುಗಾಟ ಆಗದು. ನರಕ್ಕೆ ಅಲುಗಾಟವೇ ನೀರು. ಹೋಲಿಕೆ ಕೊಟ್ಟವಳು ನಾನು. ನಾಟಿಯ ಗದ್ದೆಯಲ್ಲಿ ಕಾಲಿಡುವುದಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ನೀವು ಅದನ್ನು ಬರೆದಾಗಲೂ, ಫಿಜಿಯೋ ಬೇಡ ಎಂದಾಗಲೂ, ನಾನು ಓದಬೇಕಾದಂತೆ ಓದಲಿಲ್ಲ.

ಔಷಧ ಜೂನ್‌ಗೆ ಬರುವುದಿಲ್ಲ. ಮುಂದಿನ ಜೂನ್‌ಗೂ ಬರುವುದಿಲ್ಲ. ಯಾವಾಗ ಎಂದು ನನಗೆ ಗೊತ್ತಿಲ್ಲ. ಬಂದೇ ಬರುತ್ತದೆ ಎಂದೂ ಹೇಳಲಾರೆ. ಹುಡುಕುವುದನ್ನು ಬಿಡುವುದಿಲ್ಲ, ಅಷ್ಟನ್ನು ಮಾತ್ರ ಹೇಳಬಲ್ಲೆ. ಸುಕನ್ಯಾ ನಡೆಯುತ್ತಾಳೋ ಇಲ್ಲವೋ, ಎಷ್ಟು ಮಟ್ಟಿಗೆ ಸುಧಾರಿಸುತ್ತಾಳೋ, ಅದನ್ನು ಅವಳನ್ನು ಮುಟ್ಟಿ ನೋಡುವ ಡಾಕ್ಟರರೇ ಹೇಳಬೇಕು.

ಗಾಲಿ ಕುರ್ಚಿಯಲ್ಲಿ ಕೂತರೆ ನರ ಬೆಳೆಯುವುದು ನಿಲ್ಲುವುದಿಲ್ಲ. ಇದು ಖಚಿತವಾಗಿ ಗೊತ್ತು. ಹುಣ್ಣು ಮಾಯುವವರೆಗೆ ಡಾಕ್ಟರ್ ಹೇಳಿದ ಹಾಗೆ ಮಲಗಿರಲಿ, ಮಾಯ್ದ ಮೇಲೆ ಕೂರಲಿ. ಹರಕೆಯ ವಿಷಯ ನನ್ನ ಬಾಯಲ್ಲಿ ಬರುವುದು ಸರಿಯಲ್ಲ. ನೀವು ನಿಮ್ಮ ದೇವರೊಂದಿಗೆ ಮಾತಾಡಬಲ್ಲವರು.

ಆಸ್ಪತ್ರೆಯವರಿಗೆ ನನ್ನ ಹೆಸರು ಹೇಳಿ. ಮುಚ್ಚಿಡಬೇಡಿ.

ಅರ್ಜುಮಂದ್


ಹೈದರಾಬಾದ್
2 ಜೂನ್ 2025

ಅಯ್ಯಮ್ಮನವರಿಗೆ,

ಉತ್ತರ ಬರಲಿಲ್ಲ. ಬರಬೇಕೆಂದು ಕೇಳುವ ಹಕ್ಕು ನನಗಿಲ್ಲ ಎಂದೂ ಗೊತ್ತು. ಮೊನ್ನೆ ಅಪ್ಪ ಫೋನಿನಲ್ಲಿ, "ಆ ಯಮ್ಮ ಅಂಗಡಿ ಮುಂದಿಂದ ಬೆಟ್ಟದ ಕಡೆ ಹೋದ್ಲು ಬೇಟಾ. ಕರೆದೆ, ಹೊಳ್ಳಿ ನೋಡ್ಲಿಲ್ಲ" ಎಂದರು. ಅಂದಿನಿಂದ ಮನಸ್ಸು ಸರಿಯಿಲ್ಲ. ಸುಕನ್ಯಾಳ ಹುಣ್ಣು ಹೇಗಿದೆ ಎಂದು ಒಂದೇ ಒಂದು ಸಾಲು ಬರೆಯಿರಿ. ನಿಮ್ಮ ಮಗಳಿಗೆ ಜ್ವರ ಬಿಟ್ಟಿದೆಯೇ?

ಅರ್ಜುಮಂದ್


ತುರ್ವಿಹಾಳ
18 ಜೂನ್ 2025

ಮಗಳು ಅರ್ಜುಮಂದ್‌ಗೆ ಅಯ್ಯಮ್ಮ ಮಾಡುವ ಆಶೀರ್ವಾದಗಳು.

ಜ್ವರ ಬಿಟ್ಟಿದೆ. ಹುಣ್ಣು ಮಾಯ್ದು ಹೊಸ ಚರ್ಮ ಬಂದಿದೆ. ಮಗ್ಗುಲು ಹೊರಳಿಸುವುದನ್ನು ನಾನು ಮರೆತರೆ ಈಗ ಅವಳೇ ಬೈದು ನೆನಪಿಸುತ್ತಾಳೆ. ನಿನಗೆ ಉತ್ತರ ಬರೆಯದೆ ಇದ್ದದ್ದು ಸಿಟ್ಟಿನಿಂದಲ್ಲ. ಮೊದಲು ಸಿಟ್ಟಿತ್ತು, ಸುಳ್ಳು ಯಾಕೆ ಹೇಳಲಿ. ನಿನ್ನ ಪತ್ರದ ಮೊದಲ ಸಾಲು ಓದಿ ಮಡಚಿ ಸೆರಗಿಗೆ ಕಟ್ಟಿಕೊಂಡೆ. ಉಳಿದದ್ದನ್ನು ಮೂರು ದಿನ ಓದಲಿಲ್ಲ. ಓದಿದ ಮೇಲೆ, ಫೆಬ್ರವರಿಯಲ್ಲಿಯೇ ಈ ಹುಡುಗಿ ಹೀಗೆ ಬರೆದಿದ್ದರೆ ನಾನು ನಂಬುತ್ತಿದ್ದೆನೇ ಎಂದು ನನ್ನನ್ನೇ ಕೇಳಿಕೊಂಡೆ. ನಂಬುತ್ತಿರಲಿಲ್ಲ. ಬೇರೆ ಯಾರಾದರೂ ಡಾಕ್ಟರನ್ನು ಹುಡುಕುತ್ತಿದ್ದೆ.

ಆಮೇಲೆ ಒಬ್ಬಳೇ ಮಲ್ಲಯ್ಯನ ಬೆಟ್ಟ ಹತ್ತಿದೆ. ಅಂದು ನಿನ್ನ ಅಪ್ಪ ಕೂಗಿದ್ದು ಕೇಳಿಸಿತ್ತು. ನಿಂತರೆ ಅಳು ಬರುತ್ತಿತ್ತು, ಅದಕ್ಕೆ ನಿಲ್ಲಲಿಲ್ಲ. ಗುಡಿಯಲ್ಲಿ ಕೂತು ಹೇಳಿದೆ. "ಮಲ್ಲಯ್ಯಾ, ಮಾತು ಕೊಟ್ಟಾಕಿ ನಾನು, ಮುರಿಯಾಕಿನೂ ನಾನೇ. ಆಕಿ ಬಾಯಿಂದ ಒಂದು ಮಾತೂ ಬಂದಿಲ್ಲ, ಆಕಿನ್ನ ಹಿಡೀಬ್ಯಾಡ. ದಂಡ ಹಾಕೂದಿದ್ರ ನನಗ ಹಾಕು. ಆಕಿ ಗಾಲಿ ಮ್ಯಾಲೆ ಇರೂತನಕ ನಾ ಕಾಲಾಗ ಚಪ್ಪಲಿ ಹಾಕ್ಕೊಳ್ಳಂಗಿಲ್ಲ." ಹೂವು ಕೇಳಲಿಲ್ಲ, ಅಪ್ಪಣೆ ಕೇಳಲಿಲ್ಲ. ಚಪ್ಪಲಿಯನ್ನು ಅಲ್ಲಿಯೇ ಬಿಟ್ಟು ಇಳಿದೆ. ಬಂಡೆ ಕಾದ ಹಂಚಿನಂತಿತ್ತು. ಅಂಗಾಲು ಬೊಬ್ಬೆ ಎದ್ದವು. ಮನೆಗೆ ಬಂದಾಗ ಸುಕನ್ಯಾ ನನ್ನ ಕಾಲು ನೋಡಿ, "ಏನಿದು ಹೊಸಾದು?" ಎಂದಳು. ಹೇಳಿದೆ. "ಈಗ ನಿನ್ನ ಕಾಲಿಗೆ ಯಾವ ಡಾಕ್ಟರಿಗೆ ಬರೀಬೇಕು?" ಎಂದು ಕೇಳಿ, ಬೊಬ್ಬೆಗೆ ಹಚ್ಚಲು ತನ್ನ ಮುಲಾಮು ಚಾಚಿದಳು. ಅಂದು ನನ್ನ ಕೈಯಿಂದ ಉಂಡಳು.

ನಿನ್ನ ಪತ್ರಗಳನ್ನೆಲ್ಲ ಅವಳ ಮುಂದೆ ಇಟ್ಟೆ. ಒಂದೊಂದಾಗಿ ಓದಿದಳು. ಹಸಿರು ಎಳೆಯ ಮಾತು ಬಂದಲ್ಲಿ ಎರಡು ಸಲ ಓದಿದಳು.

ಮೀರಾಬಿ ಕುರ್ಚಿ ತಂದು ಪ್ಲಾಸ್ಟಿಕ್ ಹರಿದಳು. "ಮದುವಿ ಕುರ್ಚಿ ಬಂತು ನೋಡು ಮಗಳ" ಎಂದಳು. "ಹಂಗಾರ ವರ ಎಲ್ಲಿ?" ಎಂದು ಸುಕನ್ಯಾ ಕೇಳಿದಳು. "ವರ ಹಿಂದ ನೂಕಾಕ ನಿಂತಾನ" ಎಂದು ಮೀರಾಬಿ ನನ್ನನ್ನು ತೋರಿಸಿದಳು. ಶಾಲೆಗೆ ಮೆಟ್ಟಿಲುಗಳಿವೆ. ದುರುಗಪ್ಪನವರು ಎರಡು ಹಲಗೆ ಜೋಡಿಸಿ ಇಳಿಜಾರು ಮಾಡಿಸಿದ್ದಾರೆ. ಮೊದಲ ದಿನ ನಾನು ನೂಕುವಾಗ ಹಲಗೆ ಜಾರಿ ಕುರ್ಚಿ ಓರೆಯಾಯಿತು. ನಾನು ಕಿರುಚಿದೆ. ಅವಳು ಎರಡೂ ಕೈಯಿಂದ ಗಾಲಿ ಹಿಡಿದು, "ಸರಿ ಯವ್ವಾ, ನಾನೇ ಹೋಗ್ತೀನಿ" ಎಂದು ತಾನೇ ಹತ್ತಿದಳು. ಈಗ ಎಂಟು ದಿನದಿಂದ ಹೋಗುತ್ತಿದ್ದಾಳೆ. ನಾನು ಹೊರಗಿನ ಕಟ್ಟೆಯ ಮೇಲೆ ಕೂತಿರುತ್ತೇನೆ. ಫಿಜಿಯೋ ಮೇಡಂ ಮತ್ತೆ ಬರುತ್ತಿದ್ದಾರೆ. ನನ್ನನ್ನು ನೋಡಿ ಇನ್ನೂ ಮುಖ ಗಂಟಿಕ್ಕುತ್ತಾರೆ, ಇಕ್ಕಲಿ.

ಇವತ್ತು ಮಧ್ಯಾಹ್ನ ಬಿಸಿಯೂಟ ಆದ ಮೇಲೆ ಅವಳು ನನ್ನನ್ನು ಕರೆದು, ಡಾಕ್ಟರಕ್ಕನಿಗೆ ಪತ್ರ ಬರೆ, ನಾನು ಹೇಳುತ್ತೇನೆ ಎಂದಳು. ನೀನೇ ಬರೆಯಬಾರದೇ ಎಂದೆ. "ನೀ ಸುರು ಮಾಡಿದ್ದು, ನೀನೇ ಬರಿ. ನೀ ಆಕಿಗೆ ಏನೇನ್ ಕೇಳೀದಿ ನೋಡಿದೆ. ಎಲ್ಲಾ ಕಾಲಿನ್ದೇ ಕೇಳೀದಿ. ನಿನಗ ಏನ್ ಬೇಕು ಅಂತ ನನಗ ಯಾವಾಗರ ಕೇಳೀಯೇನು?" ಎಂದಳು. ಕೇಳಿರಲಿಲ್ಲ ಮಗಳೇ. ತಾಯಿಗೆ ಗೊತ್ತಿರುತ್ತದೆ ಎಂದು ತಿಳಿದಿದ್ದೆ. ಹಾಗಾದರೆ ಏನು ಬೇಕು ಎಂದೆ.

"ನಡಿಯೂದು ಆಮ್ಯಾಲ ನೋಡೂಣು. ಮೊದಲು ಉಚ್ಚಿ ಬಂದದ್ದು ನನಗ ಗೊತ್ತಾಗಬೇಕು" ಎಂದಳು.

ಲಿಂಗಸುಗೂರಿನ ನರ್ಸಮ್ಮ ಅವಳಿಗೆ ಉಚ್ಚೆ ತೆಗೆಯುವ ನಳಿಕೆ ಹಾಕಿಕೊಳ್ಳುವುದನ್ನು ಕಲಿಸಿದ್ದಾರೆ. ಗಡಿಯಾರ ನೋಡಿ ಹೋಗುತ್ತಾಳೆ. ಒಮ್ಮೊಮ್ಮೆ ಗಡಿಯಾರಕ್ಕಿಂತ ಮುಂಚೆಯೇ ಆಗಿಬಿಡುತ್ತದೆ. ನಿನ್ನೆ ಹಾಗೆ ಆಯಿತು, ಪಾಠದ ನಡುವೆ. ಒಂದು ಹುಡುಗಿ ಬೆರಳೆತ್ತಿ, "ಟೀಚರ್, ನೀವು ಚಡ್ಡಿ ತೊಯಿಸ್ಕೊಂಡೀರಿ" ಎಂದಿತಂತೆ. ಅವಳು ನಕ್ಕು, "ಹೌದು, ನೀವು ಹಂಗ ಮಾಡಬ್ಯಾಡ್ರಿ, ಬೆರಳೆತ್ತಿ ಕೇಳ್ರಿ" ಎಂದು ಪಾಠ ಮುಂದುವರಿಸಿದಳು. ಮನೆಗೆ ಬಂದು ಅತ್ತಳು. ಇಷ್ಟು ತಿಂಗಳಲ್ಲಿ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಒಂದನೇತ್ತೆ ಹುಡುಗ್ರಿಗೆ ಗೊತ್ತಾಗ್ತದ ಯವ್ವಾ, ಟೀಚರಿಗೆ ಗೊತ್ತಾಗಂಗಿಲ್ಲ" ಎಂದಳು. ನಾನು ಬೆಟ್ಟ ಹತ್ತಿಸಬೇಕು ಎಂದು ದೇವರ ಕಾಲು ಹಿಡಿದಿದ್ದೆ. ಅವಳು ಇಷ್ಟನ್ನು ಕೇಳುತ್ತಿದ್ದಳು.

ಇದನ್ನು ಹೇಗೆ ಬರೆಯುವುದೇ, ಆಕೆ ಓದಿದವಳು, ಏನಂದುಕೊಂಡಾಳು ಎಂದೆ. "ಇದ್ದಂಗ ಬರಿ" ಎಂದಳು. ಇದ್ದ ಹಾಗೆ ಬರೆದಿದ್ದೇನೆ. ಈಗ ಅವಳ ಪ್ರಶ್ನೆ. ನಿಮ್ಮ ಇಲಿಗಳು ಹೆಜ್ಜೆ ಇಟ್ಟವೋ ಇಲ್ಲವೋ ಎಂದು ನೋಡುತ್ತೀರಲ್ಲ, ಅವುಗಳಿಗೆ ಉಚ್ಚೆ ಬಂದದ್ದು ತಿಳಿಯುತ್ತದೋ ಇಲ್ಲವೋ ಎಂದು ಯಾರಾದರೂ ನೋಡಿದ್ದಾರೆಯೇ? ಆ ಸುದ್ದಿ ಮೇಲೆ ಒಯ್ಯುವ ನರ ಯಾವುದು, ಅದನ್ನು ತಡೆದು ನಿಲ್ಲಿಸಿರುವುದು ಏನು? ಅವಳಿಗೆ ತಿಳಿಯುವಂತೆ ಬರೆ, ಹೋಲಿಕೆ ಬೇಡವಂತೆ.

ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದು ಬರೆ. ಈಗ ನಮ್ಮ ಮನೆಯಲ್ಲಿ ಅದನ್ನು ಓದಬಲ್ಲೆವು.

ಅಯ್ಯಮ್ಮ